ಒಟಿಯೆನೊ ಸರ್ ಕೇಳಿದ ಐದು ಪ್ರಶ್ನೆ

ಇಂದಾಪುರ
18 ನವೆಂಬರ್ 2024

ದುರ್ಗಾ,

ನಾನು ಪ್ರಫುಲ್ಲಾ. ಭಾನುವಾರದ ಪ್ರಾಕ್ಟೀಸ್ ಮುಗಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಇಡ್ಲಿ ತರುತ್ತಿದ್ದ ಕಾಕೂ ಎಂದರೆ ಬೇಗ ನೆನಪಾದೀತು. ನಿಮ್ಮ ಒಟಿಯೆನೊ ಸರ್ ಹೆಂಡತಿ. ಈಗ ಇಂದಾಪುರದಲ್ಲಿ, ಸೋಲಾಪುರ ಹೈವೇ ಪಕ್ಕದ ನನ್ನ ಅಣ್ಣ ರಘುರಾಮನ ಹೋಟೆಲಿನ ಮೇಲಿನ ಕೋಣೆಯಲ್ಲಿದ್ದೇನೆ. ಆಫ್ರಿಕಾದವನನ್ನು ಕಟ್ಟಿಕೊಂಡವಳು ನಮ್ಮ ಹೊಸಿಲು ತುಳಿಯುವುದು ಬೇಡ ಎಂದು ಹಿಂದೆ ಹೇಳಿದವನು ಇದೇ ಅಣ್ಣ. ಈಗ ದಿನಾ ಬೆಳಿಗ್ಗೆ ಅವನ ಚಟ್ನಿಗೆ ಉಪ್ಪು ಸರಿಯಿದೆಯೇ ಎಂದು ನೋಡುವವಳು ನಾನೇ.

ಪೇಪರಿನಲ್ಲಿ ಸುದ್ದಿ ಬಂದಾಗ ಗುರುತಿಲ್ಲದವರೆಲ್ಲ ಫೋನ್ ಮಾಡಿ ಬೈದರು. ಇವರು ಹೋದ ಮೇಲೆ ಫೋನನ್ನೇ ಬಿಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಿನ್ನ ವಿಳಾಸ ಇವರ ಹಳೆಯ ಹಾಜರಿ ಪುಸ್ತಕದಲ್ಲಿ ಸಿಕ್ಕಿತು.

ಹೋದ ಜನವರಿಯ ರಗ್ಬಿ ಫೈನಲ್ ದಿನ ನಡೆದದ್ದು ನಿನಗೆ ಗೊತ್ತು. ನೇಮಿಸಿದ ರೆಫ್ರಿ ಬರಲಿಲ್ಲ, ಎರಡೂ ತಂಡಗಳು ಒಪ್ಪಿ ಇವರ ಕೈಗೆ ಸೀಟಿ ಕೊಟ್ಟವು. ನಿನ್ನ ತಮ್ಮ ಧರ್ಮರಾಜನ ತಲೆಗೆ ಎದುರಾಳಿಯ ಮೊಣಕಾಲು ಬಡಿಯಿತು. ಅವನು ಎದ್ದು ಆಡಿದ. ಎರಡು ನಿಮಿಷದಲ್ಲಿ ಮತ್ತೆ ಬಿದ್ದವನು ಏಳಲಿಲ್ಲ. ಕಮಿಟಿಯವರು ವಿಚಾರಣೆ ನಡೆಸಿ ಬರೆದದ್ದು ಒಂದೇ ಸಾಲು: ತಲೆಗೆ ಏಟು ಬಿದ್ದವನಿಗೆ ಕೇಳಬೇಕಾದ ಐದು ಪ್ರಶ್ನೆ ಕೇಳದೆ ರೆಫ್ರಿ ತನ್ನ ಶಿಷ್ಯನನ್ನು ಆಟದಲ್ಲಿ ಉಳಿಸಿಕೊಂಡರು.

ಕಪಾಟಿನ ಬಾಗಿಲು ನನ್ನ ಹಣೆಗೆ ಬಡಿದಾಗ ಐದು ಪ್ರಶ್ನೆ ಕೇಳಿಯೇ ನನ್ನನ್ನು ಒಲೆಯ ಹತ್ತಿರ ಬಿಟ್ಟ ಮನುಷ್ಯ ಅವರು. ಅಂಥವರು ಕೇಳದೆ ಬಿಟ್ಟರೇ? ಆದರೆ ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲ. ಕೇಳಿದೆ ಎಂದೂ ಹೇಳಲಿಲ್ಲ, ಕೇಳಲಿಲ್ಲ ಎಂದೂ ಹೇಳಲಿಲ್ಲ. ಸೆಪ್ಟೆಂಬರ್ ಮೂರರಂದು ಚಾಕಣಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಕೂತಲ್ಲೇ ಹೋಗಿಬಿಟ್ಟರು.

ಹಳೆಯ ಆಟಗಾರರು ಈ ಸಲದ ಕಪ್ಪಿಗೆ ಅವರ ಹೆಸರಿಡಬೇಕು ಎನ್ನುತ್ತಿದ್ದಾರೆ. ತಪ್ಪಿತಸ್ಥರ ಹೆಸರಿಡಲು ಬರುವುದಿಲ್ಲ ಎಂದು ಅಧ್ಯಕ್ಷ ಮಧುಕರ್ ಸಾಹೇಬರು. ಮೈದಾನದ ಒಳಗಿದ್ದ ಯಾರಾದರೂ ಬೇರೆ ಸಾಕ್ಷಿ ಹೇಳಿದರೆ ಫೆಬ್ರವರಿ ಒಂಬತ್ತರ ಸಭೆಯಲ್ಲಿ ನೋಡುತ್ತಾರಂತೆ. ನೀನು ಅಂದು ನೀರಿನ ಬಾಟಲಿ ಹಿಡಿದು ಒಳಗೆ ಓಡಿದ್ದೆ. ಇವರು ಪ್ರಶ್ನೆ ಕೇಳಿದ್ದನ್ನು ನೋಡಿದ್ದರೆ ಬಂದು ಹೇಳು. ನನಗೆ ಬೇಕಾದದ್ದು ಇಷ್ಟೇ.

ಧರ್ಮರಾಜ ಓಡಾಡಿಕೊಂಡಿದ್ದಾನೆ ಎಂದು ಯಾರೋ ಹೇಳಿದರು. ಕೇಳಿ ಸಮಾಧಾನವಾಯಿತು.

ಪ್ರಫುಲ್ಲಾ


ಖಡಕಿ
1 ಡಿಸೆಂಬರ್ 2024

ಪ್ರಫುಲ್ಲಾ ಕಾಕೂ ಅವರಿಗೆ,

ದುರ್ಗಾ ಕಾಲಿಗೆ ಬಿದ್ದು ಬರೆಯುವುದು. ಕನ್ನಡ ಶಾಲೆಯನ್ನು ಏಳನೇ ತರಗತಿಗೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ಕಾಗದ ನೋಡಿ ಸರ್ ಮೊದಲು ನಮ್ಮ ಶೆಡ್ಡಿಗೆ ಬಂದ ದಿನ ನೆನಪಾಯಿತು. ನಾನೂ ಧರ್ಮನೂ ಮರಳಿನ ಗುಡ್ಡೆ ಮೇಲೆ ಒಂದು ಚಪ್ಪಲಿಗಾಗಿ ಜಗಳ ಆಡುತ್ತಿದ್ದೆವು. ಅವರು ಸೈಕಲ್ ನಿಲ್ಲಿಸಿ ನೋಡಿದರು. ಹಿಡಿದದ್ದನ್ನು ಹೀಗೆ ಬಿಡದವರು ಚಪ್ಪಲಿಗೆ ಯಾಕೆ ಹೊಡೆದಾಡುತ್ತೀರಿ, ಚೆಂಡು ಕೊಡುತ್ತೇನೆ ಬನ್ನಿ ಎಂದು ಮರಾಠಿಯಲ್ಲಿ ಕರೆದರು. ಅಪ್ಪನಿಗೆ ಅನುಮಾನ. “ಈ ಸಾಹೇಬ ನಮ್ಮ ಹುಡುಗರನ್ನ ಎಲ್ಲಿಗೆ ಒಯ್ತಾನ?” ಎಂದು ಅವ್ವನನ್ನು ಕೇಳಿದ. ಸರ್ ಸಿಮೆಂಟ್ ಚೀಲದ ಮೇಲೆ ಕೂತು ಚಹಾ ಕುಡಿದರು. ಹೋಗುವಾಗ ಸ್ಲ್ಯಾಬಿನ ಕೆಳಗಿನ ಒಂದು ಕಂಬ ವಾಲಿದೆ, ನೋಡಿಕೊಳ್ಳಿ ಎಂದರು. ಅಪ್ಪ ದಾರ ಬಿಟ್ಟು ನೋಡಿದರೆ ನಿಜವಾಗಿಯೂ ವಾಲಿತ್ತು. ಅವತ್ತಿನಿಂದ ನಮ್ಮಪ್ಪ ಲಾಲಪ್ಪನ ಬಾಯಲ್ಲಿ ಅವರು ಇಂಜಿನಿಯರ್ ಸಾಹೇಬರು.

ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ನಾವು ಕನ್ನಡದ ಹುಡುಗರು ಅವರಿಗೆ ಲೈಟಿನ ಕಂಬ ಎಂದು ಹೆಸರಿಟ್ಟಿದ್ದೆವು. “ಕಂಬ ಬಂತು ನೋಡ್ರಲೇ” ಎಂದು ಅವರ ಎದುರಿಗೇ ಹೇಳುತ್ತಿದ್ದೆವು. ಅವರಿಗೆ ಕನ್ನಡ ಬರುತ್ತಿರಲಿಲ್ಲವಲ್ಲ, ಅದೇ ಧೈರ್ಯ. ಹಾಗೆ ಅಂದವನಿಗೆ ಅದೇ ದಿನ ಯಾಕೋ ಎರಡು ಸುತ್ತು ಹೆಚ್ಚಿಗೆ ಓಡುವುದು ಬೀಳುತ್ತಿತ್ತು.

ನಾನು ಈಗ ಚಾಕಣದಲ್ಲಿ ಬೇರಿಂಗ್ ತಪಾಸಣೆಯ ಕೆಲಸ ಮಾಡುತ್ತೇನೆ. ಗೆರೆಯಿದ್ದರೆ ಪಕ್ಕಕ್ಕೆ ಹಾಕು, ಪಾಸ್ ಮಾಡಬೇಡ ಎಂದು ಕಲಿಸಿದವರು ಅವರೇ.

ಆ ದಿನ ನಾನು ದೂರದಲ್ಲಿದ್ದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಏನೂ ಕಾಣಲಿಲ್ಲ. ಧರ್ಮ ಚೆನ್ನಾಗಿದ್ದಾನೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ದಯವಿಟ್ಟು ಇನ್ನು ಮನೆಗೆ ಬರೆಯಬೇಡಿ, ಸರ್ ಹೆಸರು ಕೇಳಿದರೆ ಅವ್ವ ಅನ್ನ ಬಿಡುತ್ತಾಳೆ. ಕಂಪನಿಯ ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ.

ದುರ್ಗಾ


ಇಂದಾಪುರ
9 ಡಿಸೆಂಬರ್ 2024

ದುರ್ಗಾ,

ಖಡಕಿಯ ಆ ಮೈದಾನದಲ್ಲಿ ಬಿಸಿಲು ಕಣ್ಣಿಗೆ ಹೊಡೆಯುವುದು ಸಂಜೆ ನಾಲ್ಕರ ಮೇಲೆ. ಫೈನಲ್ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಮುಗಿದಿತ್ತು. ಇಪ್ಪತ್ತು ವರ್ಷ ಆ ಮೈದಾನದ ಅಂಚಿನಲ್ಲಿ ಡಬ್ಬಿ ಹಿಡಿದು ಕೂತವಳಿಗೆ ಇಷ್ಟೂ ಗೊತ್ತಿರುವುದಿಲ್ಲವೇ?

ಅವರ ಚೀಲದಲ್ಲಿ ಒಂದು ಫೋಟೋ ಸಿಕ್ಕಿತು. ಯಾರು ತೆಗೆದದ್ದೋ, ದೂರದಿಂದ ತೆಗೆದದ್ದು. ಧರ್ಮರಾಜ ನೆಲದ ಮೇಲೆ ಕೂತಿದ್ದಾನೆ. ಇವರು ಅವನ ಮುಂದೆ ಬಗ್ಗಿ ನಿಂತಿದ್ದಾರೆ. ಅವನ ಬೆನ್ನ ಹಿಂದೆ ಮೊಣಕಾಲೂರಿ, ಬಾಟಲಿ ಹಿಡಿದು ಕೂತವಳು ನೀನು. ಇವರ ಮುಖ ಕಾಣುವುದಿಲ್ಲ, ನಿನ್ನ ಮುಖ ಕಾಣುತ್ತದೆ. ನೀನು ಏನೋ ಮಾತಾಡುತ್ತಿದ್ದೀಯ. ತಮ್ಮನಿಗೆ ಧೈರ್ಯ ಹೇಳುತ್ತಿದ್ದೀಯ ಎಂದುಕೊಂಡೆ. ಈ ಫೋಟೋ ಕಮಿಟಿಗೆ ಕೊಡಬಹುದು, ಆದರೆ ಫೋಟೋಕ್ಕೆ ಬಾಯಿಲ್ಲ. ಅವರು ಕೇಳಿದರು ಎಂದು ಒಬ್ಬರು ಹೇಳಬೇಕು.

ನಿಮ್ಮ ಸರ್ ಕೀನ್ಯಾದ ಕಿಸುಮು ಎಂಬ ಊರಿನಿಂದ ಇಲ್ಲಿ ಇಂಜಿನಿಯರಿಂಗ್ ಓದಲು ಬಂದವರು. ಬಾಡಿಗೆ ಮನೆ ಕೊಡುವವರು ಮುಖ ನೋಡಿ ಬಾಗಿಲು ಹಾಕುತ್ತಿದ್ದ ಕಾಲ ಅದು. ನಮ್ಮ ಅಪ್ಪನ ಹೋಟೆಲಿನಲ್ಲಿ ಮಾತ್ರ ಯಾರೂ ಏನೂ ಅನ್ನದೆ ಮಸಾಲೆ ದೋಸೆ ಕೊಡುತ್ತಿದ್ದರು. ಕೊಡುತ್ತಿದ್ದವಳು ನಾನೇ, ಹಾಗಾಗಿ ಅಪ್ಪನಿಗೆ ಆಮೇಲೆ ಪಶ್ಚಾತ್ತಾಪವಾಯಿತು. ಚಾಕಣದಲ್ಲಿ ಗೇರ್‌ಬಾಕ್ಸ್ ಇಂಜಿನಿಯರ್ ಆದರು. ದುಡಿದದ್ದು ಅಲ್ಲಿ, ಬದುಕಿದ್ದು ನಿಮ್ಮ ಮೈದಾನದಲ್ಲಿ. ಪಂದ್ಯದ ದಿನ ಮೊಳೆ ಹೊಡೆದು ದಾರ ಕಟ್ಟಿ ಸುಣ್ಣದ ಗೆರೆ ಹಾಕುತ್ತಿದ್ದರು, ಎರಡು ಬೆರಳು ಸೊಟ್ಟಗಾದರೆ ಅಳಿಸಿ ಮತ್ತೆ. ನನ್ನ ರಂಗೋಲಿಯನ್ನೂ ಹಾಗೇ ತಿದ್ದಲು ಬಂದು ಬೈಸಿಕೊಂಡಿದ್ದರು.

ಅಂಥವರು ಕೊನೆಯ ಎಂಟು ತಿಂಗಳು ಸೀಟಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಬದುಕಿದರು. ನಾನು ನಿನ್ನಲ್ಲಿ ಬೇಡುತ್ತಿದ್ದೇನೆ ದುರ್ಗಾ. ಬೇಡಿ ಅಭ್ಯಾಸವಿಲ್ಲ, ಅದಕ್ಕೇ ಜಗಳದ ಹಾಗೆ ಕೇಳಿಸುತ್ತಿರಬಹುದು.

ಪ್ರಫುಲ್ಲಾ


ಇಂದಾಪುರ
2 ಜನವರಿ 2025

ದುರ್ಗಾ,

ಮೂರು ವಾರವಾಯಿತು. ಪೋಸ್ಟಿನವನು ನನ್ನನ್ನು ಕಂಡರೆ ಈಗ ದೂರದಿಂದಲೇ ತಲೆಯಾಡಿಸುತ್ತಾನೆ. ನಿನಗೆ ಕೊಡುವುದಕ್ಕೆ ನನ್ನಲ್ಲಿ ಏನೂ ಇಲ್ಲ, ಹೆದರಿಸುವುದಕ್ಕೂ ಏನೂ ಇಲ್ಲ. ನಿನ್ನೆ ಅಣ್ಣ, “ಸತ್ತವರಿಗೆ ಕಪ್ ಎಂತಕ್ಕೆ ಮಾರಾಯ್ತಿ?” ಎಂದ. ಸತ್ತವರಿಗಲ್ಲ, ನನಗೆ ಬೇಕು. ಅವರನ್ನು ನೆನೆದಾಗಲೆಲ್ಲ ಆ ಒಂದು ಸಾಲು ಮುಂದೆ ಬರುತ್ತದೆ, ಅವರು ಆಮೇಲೆ ಬರುತ್ತಾರೆ. ಅವರು ಕೇಳಲೇ ಇಲ್ಲವೆಂದಾದರೆ ಅದನ್ನಾದರೂ ಬರೆ. ನನಗೇ ನಂಬಿಕೆ ಸಡಿಲವಾಗುತ್ತಿದೆ.

ಪ್ರಫುಲ್ಲಾ


ಖಡಕಿ
14 ಜನವರಿ 2025

ಕಾಕೂ,

ಇವತ್ತಿಗೆ ವರ್ಷವಾಯಿತು. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದ್ದಾಳೆ. ನಾನು ರಜೆ ಹಾಕಿ ಮೈದಾನದ ಗೋಡೆಗೆ ಒರಗಿ ಬರೆಯುತ್ತಿದ್ದೇನೆ.

ಸರ್ ಕೇಳಿದರು. ಐದೂ ಕೇಳಿದರು. ಇವತ್ತು ಯಾವ ಮೈದಾನ, ಇದು ಯಾವ ಅರ್ಧ, ಕೊನೆಗೆ ಅಂಕ ತೆಗೆದದ್ದು ಯಾರು, ಹೋದ ಪಂದ್ಯ ಯಾರ ಮೇಲೆ, ಗೆದ್ದಿರೋ ಸೋತಿರೋ. ಯಾವಾಗಲೂ ಅದೇ ಐದು, ಮರಾಠಿಯಲ್ಲಿ. ಒಂದು ತಪ್ಪಿದರೂ ಹೊರಗೆ, ಅಪ್ಪ ಬಂದರೂ ಬಿಡುತ್ತಿರಲಿಲ್ಲ.

ಖಡಕಿ ಎಂದು ಧರ್ಮ ತಾನೇ ಹೇಳಿದ. ಎರಡನೆಯದಕ್ಕೆ ಸುಮ್ಮನಾದ. ಅವನ ಕಣ್ಣು ನೋಡಿದೆ, ಅಲ್ಲಿ ಅವನಿರಲಿಲ್ಲ. ಗೆರೆಯ ಆಚೆ ಸರ್ಕಾರಿ ಇಲಾಖೆಯ ತಂಡದ ಆಯ್ಕೆಗಾರರು ಕುರ್ಚಿ ಹಾಕಿ ಕೂತಿದ್ದರು. ಆಟದ ಕೋಟಾದಲ್ಲಿ ಇಬ್ಬರಿಗೆ ಕೆಲಸ. ಇನ್ನು ಮೂರೇ ನಿಮಿಷದ ಆಟ. ಅಪ್ಪ ಆ ದಿನ ಕೂಲಿ ಬಿಟ್ಟು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಬಾಟಲಿ ಅವನ ಬಾಯಿಗೆ ಹಿಡಿದು ಹಿಂದಿನಿಂದ, “ಎರಡನೇದು ಅನ್ನು. ಮೂರನೇದಕ್ಕ ನಾವು ಅನ್ನು. ಆಮೇಲೆ ದೇಹೂ ರೋಡ್. ಗೆದ್ದೀವಿ ಅನ್ನು” ಎಂದೆ. ಶಾಲೆಯಲ್ಲಿ ಪರೀಕ್ಷೆಗೆ ಹೇಳಿಕೊಡುತ್ತಿದ್ದೆವಲ್ಲ, ಹಾಗೆ. ಸರ್ ಕೇಳಿದಂತೆ ಅವನು ಒಂದೊಂದೇ ಹೇಳಿದ. ಸರ್ ಸ್ವಲ್ಪ ಹೊತ್ತು ನಿಂತರು. ಆಮೇಲೆ ಸೀಟಿ ಊದಿದರು.

ಅವರಿಗೆ ಕನ್ನಡ ಬರುವುದಿಲ್ಲ ಎಂದೇ ನಾನು ಧೈರ್ಯ ಮಾಡಿದ್ದು. ಅವರಿಗೆ ನಾನು ಮೋಸ ಮಾಡಿದೆ. ಅವರು ಸತ್ತದ್ದೂ ನನ್ನಿಂದಲೇ.

ಧರ್ಮ ಚೆನ್ನಾಗಿದ್ದಾನೆ ಎಂದು ಬರೆದದ್ದೂ ಸುಳ್ಳು. ಆಪರೇಷನ್ ಆದ ಮೇಲೆ ನಡೆಯುತ್ತಾನೆ, ಉಣ್ಣುತ್ತಾನೆ. ಆದರೆ ಏನು ಕೇಳಿದರೂ ತಿರುಗಿ ನನ್ನ ಬಾಯಿ ನೋಡುತ್ತಾನೆ. ನಾನು ಮೆಲ್ಲಗೆ ಹೇಳುತ್ತೇನೆ, ಅವನು ಜೋರಾಗಿ ಹೇಳುತ್ತಾನೆ. ಡಾಕ್ಟರ್ ಕೇಳಿದರೂ ಹಾಗೇ. “ನನ್ನ ಮಗಾ ಭಾಳ ಸುಧಾರಿಸ್ಯಾನ” ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡಿದ್ದಾಳೆ. ಅದನ್ನು ಒಡೆಯಲು ನನಗೆ ಆಗುತ್ತಿಲ್ಲ. ದೇವರ ಮುಂದೆ ಸರ್ ಹೆಸರು ಹಿಡಿದು ಶಾಪ ಹಾಕುತ್ತಾಳೆ, ಪಕ್ಕದಲ್ಲಿ ನಿಂತು ನಾನು ಗಂಟೆ ಬಾರಿಸುತ್ತೇನೆ.

ಒಂಬತ್ತಕ್ಕೆ ಬರುತ್ತೇನೆ. ಎಲ್ಲ ಹೇಳುತ್ತೇನೆ. ಸರ್ ತಪ್ಪು ಎಳ್ಳಷ್ಟೂ ಇಲ್ಲ. ಆಮೇಲೆ ನನ್ನದು ಏನಾದರೂ ಆಗಲಿ.

ದುರ್ಗಾ


ಇಂದಾಪುರ
21 ಜನವರಿ 2025

ದುರ್ಗಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಬರೆಯಲಾರದಷ್ಟು ಬಂತು. ಮೂರು ದಿನ ಚಟ್ನಿಗೆ ಉಪ್ಪು ಬಿದ್ದಿಲ್ಲ ಎಂದು ಅಣ್ಣ ಹೇಳಿದ ಮೇಲೆ ಗೊತ್ತಾಯಿತು. ಆಮೇಲೆ ಬಂದದ್ದು ಭಯ.

ಅವರಿಗೆ ಕನ್ನಡ ಬರುತ್ತಿತ್ತು, ಹುಡುಗಿ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕನ್ನಡವೇ. ಕಣ್ಣು ಮುಚ್ಚಿ ಕೇಳಿದರೆ ನಮ್ಮ ಕಡೆಯ ಕುಂದಾಪುರದವರು ಅನ್ನಬೇಕು, ಹಾಗೆ ಮಾತಾಡುತ್ತಿದ್ದರು. ನಿಮ್ಮ ಲೈಟಿನ ಕಂಬದ ಸುದ್ದಿಯನ್ನೂ ಮನೆಗೆ ಬಂದು ಹೇಳಿ ನಗುತ್ತಿದ್ದರು. “ಇವತ್ತು ಕಂಬಕ್ಕೆ ಲೈಟ್ ಹತ್ತಲಿಲ್ಲ ಅಂದ ಕಾಣು ಆ ಪೋರ, ಎರಡು ಸುತ್ತು ಓಡಿಸಿದೆ.” ನಾನು ಎಷ್ಟೋ ಸಲ ಕೇಳಿದ್ದೆ, ಮಕ್ಕಳ ಹತ್ತಿರ ಕನ್ನಡ ಮಾತಾಡಿದರೆ ಎಂತ ಎಂದು. ಆಗ ಅವರು ಹೇಳಿದ್ದು ಇದು: ರೆಫ್ರಿಗೆ ಮೈದಾನದಲ್ಲಿ ಮನೆಭಾಷೆ ಇರಬಾರದು. ಕನ್ನಡದಲ್ಲಿ ಒಂದು ಮಾತಾಡಿದರೂ ಮರಾಠಿ ಮಕ್ಕಳು ನನ್ನ ಸೀಟಿಯನ್ನು ನಂಬುವುದಿಲ್ಲ. ಹಾಗಾಗಿ ಕೇಳಿಸಿದ ಕನ್ನಡವನ್ನು ಕೇಳಿಸದ ಹಾಗೆ ಬಿಡುವುದು ಅವರಿಗೆ ಇಪ್ಪತ್ತು ವರ್ಷದ ರೂಢಿ. ಮುಖದ ಮೇಲೆ ಒಂದು ಗೆರೆ ಅಲುಗುತ್ತಿರಲಿಲ್ಲ.

ಅಂದು ಗಲಾಟೆಯಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸಂಕ್ರಾಂತಿಯ ಮರುದಿನ ಅವರು ಕಾಳು ಆರಿಸುತ್ತಿದ್ದ ನನ್ನ ಎದುರು ಬಂದು ಕೂತು, “ಅಕ್ಕ ತಮ್ಮನಿಗೋಸ್ಕರ ಸುಳ್ಳು ಹೇಳಿದ್ರೆ, ಅದನ್ನು ಹಿಡಿಯದೆ ಬಿಟ್ಟವನದ್ದೇ ತಪ್ಪಲ್ವಾ?” ಎಂದು ಕೇಳಿದ್ದರು. ಅವರ ಅಕ್ಕ ಹಿಂದೆ ಕಿಸುಮುವಿನಲ್ಲಿ ತಾಯಿಯ ಕಾಯಿಲೆಯನ್ನು ಮುಚ್ಚಿಟ್ಟಿದ್ದಳು, ಇವರ ಪರೀಕ್ಷೆ ತಪ್ಪಬಾರದು ಎಂದು. ಆ ಹಳೆಯದನ್ನೇ ನೆನೆಯುತ್ತಿದ್ದಾರೆ ಎಂದುಕೊಂಡು ನಾನು, ಅಕ್ಕಂದಿರು ಇರುವುದೇ ಹಾಗೆ, ಅದನ್ನೆಂತ ಈಗ ತೆಗೆಯುವುದು ಎಂದುಬಿಟ್ಟೆ. ಅವರು ಎದ್ದು ಹೋದರು. ಮತ್ತೆ ಆ ಮಾತು ಎತ್ತಲಿಲ್ಲ. ನಾನು ಕಾಳು ಬಿಟ್ಟು ತಲೆಯೆತ್ತಿದ್ದರೆ ಹೇಳುತ್ತಿದ್ದರು.

ಅವರಿಗೆ ಕೇಳಿಸಿತ್ತು ದುರ್ಗಾ. ಕೇಳಿಸಿಯೂ ಬಿಟ್ಟರು. ನಿಮ್ಮ ಅಪ್ಪನ ಇಸ್ತ್ರಿ ಅಂಗಿಯನ್ನು ಅವರೂ ನೋಡಿರಬೇಕು. ಪ್ರಶ್ನೆ ಕೇಳಿದೆ ಎಂದು ವಿಚಾರಣೆಯಲ್ಲಿ ಹೇಳಿದರೆ ಉತ್ತರ ಯಾರದು ಎಂದು ಬರುತ್ತಿತ್ತು. ನಿನ್ನ ಹೆಸರು ಹೇಳಲಾರದೆ, ತನ್ನ ತಪ್ಪನ್ನೂ ಸುಳ್ಳೆನ್ನಲಾರದೆ ಸುಮ್ಮನಾದರು.

ಈಗ ನೀನು ಒಂಬತ್ತಕ್ಕೆ ಬರಬೇಡ. ಬೇಡಿದವಳೇ ಹೇಳುತ್ತಿದ್ದೇನೆ. ಬಂದರೆ, ಅವರಿಗೆ ಕನ್ನಡ ಬರುತ್ತಿತ್ತೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿಲ್ಲ ಎಂಬ ಸಾಲು ಹೋಗಿ, ಗೊತ್ತಿದ್ದೂ ಆಡಿಸಿದರು ಎಂಬ ಸಾಲು ಬರುತ್ತದೆ. ಮೊದಲಿನದನ್ನೇ ನಾನು ಹೇಗೋ ಹೊತ್ತುಕೊಳ್ಳುತ್ತೇನೆ. ಕಪ್ ಹಾಳಾಗಿ ಹೋಗಲಿ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಇನ್ನೂ ಆಗುತ್ತಿಲ್ಲ. ಬರೆದರೆ ಸುಳ್ಳಾಗುತ್ತದೆ.

ಪ್ರಫುಲ್ಲಾ


ಖಡಕಿ
10 ಫೆಬ್ರವರಿ 2025

ಕಾಕೂ,

ನಿಮ್ಮ ಮಾತು ಮೀರಿ ನಿನ್ನೆ ಹೋದೆ.

ಹೋಗುವ ಮೊದಲು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಿಯಾಯಿತು, ತೆಗೆಯಲಿಲ್ಲ. ಕೊನೆಗೆ, “ಆ ಮನಷ್ಯಾ ನಮ್ಮ ಮನ್ಯಾಗ ಕುಂತು ಚಾ ಕುಡದಿದ್ದ. ಸತ್ತಾಗ ನಾ ಮಾರಿ ನೋಡಾಕ ಸೈತ ಹೋಗಲಿಲ್ಲ” ಎಂದಳು. ನನಗೆ ಒಂದು ಏಟೂ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು. ಅಪ್ಪ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಸಭೆಯಲ್ಲಿ ಎಲ್ಲ ಹೇಳಿದೆ. ಐದು ಪ್ರಶ್ನೆ, ಬಾಟಲಿ, ನಾನು ಹೇಳಿಕೊಟ್ಟದ್ದು. ಮಧುಕರ್ ಸಾಹೇಬರು ಬರೆದುಕೊಂಡು, ಹಾಗಾದರೆ ಒಟಿಯೆನೊ ಅವರು ಮೋಸ ಹೋದರು, ಅವರದು ತಪ್ಪಿಲ್ಲ ಎಂದರು. ಹಿಂದಿನ ಸಾಲಿನ ಹಳೆಯ ಆಟಗಾರರು ಚಪ್ಪಾಳೆ ತಟ್ಟಿದರು. ಆಮೇಲೆ ಸಾಹೇಬರು ಪೆನ್ನು ಮುಚ್ಚುವ ಮೊದಲು ಕೇಳಿದರು: “ಸರಾಂನಾ ಕನ್ನಡ ಯೇತ ನವ್ಹತಂ ನಾ?” ಸರ್‌ಗೆ ಕನ್ನಡ ಬರುತ್ತಿರಲಿಲ್ಲ ಅಲ್ಲವೇ ಎಂದು. ಬರಿ ಕೇಳಬೇಕಲ್ಲ ಎಂದು ಕೇಳಿದ್ದು.

ನಿಮ್ಮ ಕಾಗದ ನನ್ನ ಚೀಲದಲ್ಲಿತ್ತು. ಇಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಹೇಳಿದ್ದರೆ ಕಪ್ಪಿನ ಮೇಲೆ ಅವರ ಹೆಸರು ಬರುತ್ತಿತ್ತು, ನೀವೂ ನೆಮ್ಮದಿಯಾಗಿರುತ್ತಿದ್ದಿರಿ. ಇನ್ನೊಮ್ಮೆ ಸರಿ ಉತ್ತರ ಹೇಳಿಕೊಟ್ಟು ಗೆಲ್ಲಿಸಿದ ಹಾಗೆ ಆಗುತ್ತಿತ್ತು. ಗೆರೆಯಿದ್ದ ಬೇರಿಂಗ್ ಪಾಸ್ ಮಾಡಲು ನನಗೆ ಕೈ ಬರಲಿಲ್ಲ ಕಾಕೂ. ಕನ್ನಡ ಬರುತ್ತಿತ್ತು, ಚೆನ್ನಾಗಿ ಬರುತ್ತಿತ್ತು ಎಂದೆ.

ಪ್ರಶ್ನೆ ಕೇಳಲಿಲ್ಲ ಎಂಬ ಸಾಲನ್ನು ಹೊಡೆದು ಹಾಕಿದ್ದಾರೆ. ಕೇಳಿದರು, ಉತ್ತರ ಆಟಗಾರನದಲ್ಲ ಎಂದು ತಿಳಿಯುವ ಅವಕಾಶವಿದ್ದೂ ಆಟ ಮುಂದುವರಿಸಿದರು ಎಂದು ಬರೆದಿದ್ದಾರೆ. ಕಪ್ಪಿಗೆ ಹೆಸರಿಲ್ಲ. ಇನ್ನು ಮುಂದೆ ಪ್ರಶ್ನೆ ಕೇಳುವಾಗ ಆಟಗಾರನ ಹತ್ತಿರ ನೀರು ಕೊಡುವವರು ಸಹ ನಿಲ್ಲಬಾರದು ಎಂದು ನಿಯಮ ಮಾಡಿದ್ದಾರೆ. ನಿಮಗೆ ನಾನು ಎರಡನೇ ಸಲ ಅನ್ಯಾಯ ಮಾಡಿದೆ ಎಂದು ಗೊತ್ತು. ಬಯ್ಯುವುದಿದ್ದರೆ ಮನೆಯ ವಿಳಾಸಕ್ಕೇ ಬರೆಯಿರಿ. ಅವ್ವ ಈಗ ಬೇಡ ಅನ್ನುವುದಿಲ್ಲ.

ಸಂಜೆ ಧರ್ಮನನ್ನು ಹೊರಗೆ ಕೂರಿಸಿಕೊಂಡು ಸರ್ ಕೇಳುತ್ತಿದ್ದದ್ದನ್ನೇ ಕೇಳಿದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು.

“ಧರ್ಮಾ, ನಾವೀಗ ಎಲ್ಲಿ ಅದೀವಿ?”

“ಖಡಕಿ.”

“ಹೋದ ಪಂದ್ಯ ಯಾರ ಮ್ಯಾಲೆ?”

ಎಂದಿನ ಹಾಗೆ ನನ್ನ ಬಾಯಿ ನೋಡಿದ. ನಾನು ತುಟಿ ಬಿಗಿ ಹಿಡಿದೆ. ಅವನು ಕಾದ. ರೈಲು ಒಂದು ಬಂದು ಹೋಯಿತು. ಅವನ ಕಣ್ಣಲ್ಲಿ ನೀರು ತುಂಬಿತು, ನನ್ನ ಕೈ ಹಿಡಿದು ಜಗ್ಗಿದ. ಆದರೂ ನಾನು ಹೇಳಿಕೊಡಲಿಲ್ಲ.

“ನಂಗ ಗೊತ್ತಾಗವಲ್ದು ಅಕ್ಕಾ” ಎಂದ.

ಬಾಯಿಪಾಠದ ಖಡಕಿ ಬಿಟ್ಟರೆ, ವರ್ಷದಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಅಂದು ಸರ್ ಬಗ್ಗಿ ನಿಂತು ಕಾಯುತ್ತಿದ್ದದ್ದು ಇದೊಂದು ಮಾತಿಗೆ. ಇನ್ನೊಂದು ಗಳಿಗೆ ನಾನು ಸುಮ್ಮನಿದ್ದಿದ್ದರೆ ಅವನೇ ಹೇಳುತ್ತಿದ್ದ.

ದುರ್ಗಾ